ಬಿಟ್ಟ ಮೀನಿಗೂ ಲೆಕ್ಕ ಉಂಟು: ಮಿಲ್ ಲ್ಯಾಕ್ಸ್ ಕೆರೆಯ ಮಂಜುಗಡ್ಡೆ ಮೇಲೆ ನನ್ನ ಅನುಭವ

ನಾನು ಕುಂದಾಪುರದ ಕಡೆಯವ, ಸಣ್ಣವನಿದ್ದಾಗ ಹೊಳೆಬದಿಲಿ ಗಾಳ ಹಾಕಿ ಕೂತು ಅಮ್ಮನ ಹತ್ರ ಬೈಸಿಕೊಂಡವ. ಹಾಗಾಗಿ ಅಮೆರಿಕದ ಮಿನ್ನೆಸೋಟಕ್ಕೆ ಕೆಲಸಕ್ಕೆ ಬಂದ್ಮೇಲೆ ಆಫೀಸಿನ ಗೆಳೆಯ ಒಬ್ಬ ಐಸ್ ಫಿಶಿಂಗಿಗೆ, ಅಂದ್ರೆ ಹೆಪ್ಪುಗಟ್ಟಿದ ಕೆರೆ ಮೇಲೆ ಕೂತು ಮೀನು ಹಿಡಿಯೋಕೆ, ಬರ್ತೀಯಾ ಅಂತ ಕೇಳಿದಾಗ, ಇದೆಂತ ದೊಡ್ಡ ವಿದ್ಯೆ ಮಾರಾಯ, ತೂತು ಕೊರೆದು ಗಾಳ ಬಿಡೋದು ತಾನೆ ಅಂದ್ಕೊಂಡೇ ಹೋದೆ.

ಮಿನಿಯಾಪೊಲಿಸ್‌ನಿಂದ ಹೈವೇ 169 ಹಿಡಿದು ಬಡಗು ದಿಕ್ಕಿಗೆ ಹೋದ್ರೆ ಮಿಲ್ ಲ್ಯಾಕ್ಸ್ ಸಿಗುತ್ತೆ. ಕೆರೆ ಅನ್ನೋಕೆ ಬಾಯಿ ಬರಲ್ಲ, 500 ಚದರ ಕಿಲೋಮೀಟರಿಗೂ ಜಾಸ್ತಿ, ಆದ್ರೆ ಆಳ ಮಾತ್ರ ಎಲ್ಲಿ ನೋಡಿದ್ರೂ 42 ಅಡಿ ಒಳಗೇ. ಇಲ್ಲಿ ರಾಜ ಅಂದ್ರೆ ವಾಲೈ ಮೀನು, ಕತ್ತಲಲ್ಲಿ ಟಾರ್ಚ್ ಬಿಟ್ರೆ ಅದರ ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುತ್ತೆ, ಮಬ್ಬಲ್ಲೂ ಚೆನ್ನಾಗಿ ಕಾಣುತ್ತೆ, ಅದಕ್ಕೇ ಹೊತ್ತು ಮುಳುಗೋ ಸಮಯದಲ್ಲೇ ಬಾಯಿ ಹಾಕೋದು ಜಾಸ್ತಿ. ತಿಂದು ನೋಡಿದ್ರೆ ನಮ್ಮ ಕಾಣೆ ಮೀನು ನೆನಪಾಗುತ್ತೆ, ಬೆಳ್ಳಗೆ ಹದವಾದ ಮಾಂಸ.

ಅವತ್ತು ಮೈನಸ್ 22. ಆಗರ್‌ನಲ್ಲಿ ತೂತು ಕೊರೆದು ಸೌಟಲ್ಲಿ ಐಸ್ ಚೂರು ತೆಗೆದು, ಜಿಗ್ ಅನ್ನೋ ಭಾರದ ಗಾಳಕ್ಕೆ ಸಣ್ಣ ಮಿನ್ನೋ ಮೀನು ಸಿಕ್ಕಿಸಿ ಬಿಟ್ಟು, ನೀರಡಿಯ ಮೀನು ತೋರಿಸೋ ಸೋನಾರ್ ಪರದೆ ಮೇಲೆ ಕೆಂಪು ಗೆರೆ ಏಳೋದನ್ನೇ ಕಣ್ಣು ಮಿಟುಕಿಸದೆ ನೋಡ್ತಾ ಕೂತೆ. ನಾಲ್ಕೂವರೆ ಹೊತ್ತಿಗೆ ಒಂದು ಬಿತ್ತು. ಆ ಸೀಸನ್ನಿನ ನಿಯಮ ಏನಂದ್ರೆ 21ರಿಂದ 23 ಇಂಚು ಒಳಗಿನ ಒಂದು ಮೀನು, ಇಲ್ಲಾಂದ್ರೆ 28 ಇಂಚು ಮೀರಿದ್ದು ಒಂದು, ಅಷ್ಟೇ ಮನೆಗೆ. ಬಾಲ ಒತ್ತಿ ಹಿಡಿದು ಅಳೆದ್ರೆ 20 ಮುಕ್ಕಾಲು. ಹೋಗ್ಲಿ, ಫೋಟೋನಾದ್ರೂ ಆಗ್ಲಿ ಅಂತ ಟೆಂಟಿನ ಹೊರಗೆ ತಂದು ಐಸ್ ಮೇಲೆ ಮಲಗಿಸಿ, ಗ್ಲೌಸ್ ಬಿಚ್ಚಿ ಫೋನ್ ತೆಗಿಯೋಕೆ ಪರದಾಡ್ತಾ ಇದ್ದೆ. ಪಕ್ಕದಲ್ಲಿ ಐಸ್ ಮೇಲೆ ಗುಡಿಸಲು ಇಟ್ಟುಕೊಂಡಿದ್ದ ಅಜ್ಜ ಒಬ್ಬರು ಅಲ್ಲಿಂದಲೇ ಕೂಗಿದ್ರು, "ಮಗಾ, ಅದರ ಕಿವಿರು ನೋಡು!" ನೋಡಿದೆ. ಕೆಂಪಗೆ ಒದ್ದೆಯಾಗಿ ಇರ್ಬೇಕಾದ್ದರ ಅಂಚಲ್ಲಿ ಬಿಳಿ ಪೊರೆ ಕಟ್ಟೋಕೆ ಶುರುವಾಗಿತ್ತು, ಕಣ್ಣೂ ಮಂಜು ಮಂಜು. ತೂತಿಗೆ ಬಿಟ್ಟೆ, ಮಗ್ಗುಲಾಗಿ ಸ್ವಲ್ಪ ಹೊತ್ತು ನಿಂತು ನಿಧಾನಕ್ಕೆ ಕೆಳಗಿಳಿಯಿತು. ಬದುಕಿತಾ? ಗೊತ್ತಾಗೋ ದಾರಿಯೇ ಇಲ್ಲ.

ಆ ಅಜ್ಜನೇ ಹೇಳಿದ್ದು, ಇಲ್ಲಿ ಬಿಟ್ಟ ಮೀನಿಗೂ ಲೆಕ್ಕ ಉಂಟು ಅಂತ. ಪ್ರತಿ ವರ್ಷ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯವರೂ (ಡಿಎನ್‌ಆರ್) ಇಲ್ಲಿನ ಮೂಲನಿವಾಸಿ ಓಜಿಬ್ವೆ ಬುಡಕಟ್ಟಿನವರೂ ಸೇರಿ ಇಷ್ಟೇ ವಾಲೈ ಹಿಡೀಬಹುದು ಅಂತ ತೂಕ ಗೊತ್ತು ಮಾಡ್ತಾರೆ, ನಾವು ಬಿಟ್ಟಾದ್ಮೇಲೆ ಇಷ್ಟು ಸತ್ತಿರುತ್ತೆ ಅಂತ ಅಂದಾಜು ಹಾಕಿ ಅದನ್ನೂ ಆ ಲೆಕ್ಕದಲ್ಲೇ ಕಳೀತಾರೆ. ನೀರು ಬಿಸಿಯಾದಷ್ಟೂ ಸಾಯೋದು ಜಾಸ್ತಿ. 2015ರ ಆಗಸ್ಟಲ್ಲಿ ಆ ಲೆಕ್ಕ ಮುಗಿದು ಸೀಸನ್ ಮಧ್ಯದಲ್ಲೇ ವಾಲೈ ಹಿಡಿಯೋದು ಬಂದ್ ಆಯ್ತು, 2017ರ ಬೇಸಿಗೆಲಿ ಹಿಡಿದು ಬಿಡೋದನ್ನೂ ಕೆಲವು ವಾರ ನಿಲ್ಲಿಸಿದ್ರು, ಕೆರೆ ಸುತ್ತ ರೆಸಾರ್ಟ್ ನಡೆಸೋರ ಹೊಟ್ಟೆ ಮೇಲೆ ಹೊಡೆದ ಹಾಗೆ. ಊರಲ್ಲಿ ಜೂನ್ ಜುಲೈ ಎರಡು ತಿಂಗಳು ಬೋಟ್ ಕಟ್ಟಿಹಾಕ್ತಾರಲ್ಲ, ಅದು ಬರುತ್ತೆ ಅಂತ ಮೊದಲೇ ಗೊತ್ತಿರುತ್ತೆ, ಇದು ಹಾಗಲ್ಲ.

ಐಸ್ ಮೇಲೆ ಕೂತೋರಲ್ಲಿ ಸುಮಾರು ಜನ ವಾಲೈ ಕಡಿಮೆ ಆಗಿದ್ದಕ್ಕೆ ಬುಡಕಟ್ಟಿನವರ ಬಲೆಯದ್ದೇ ತಪ್ಪು ಅಂತಾರೆ. ನಂಗೆ ಆ ಮಾತು ಹಿಡಿಸಲ್ಲ. ಅಮೆರಿಕ ಸರ್ಕಾರದ ಜೊತೆಗಿನ 1837ರ ಒಪ್ಪಂದದಲ್ಲೇ ಅವರು ಇಲ್ಲಿ ಮೀನು ಹಿಡಿಯೋ ಹಕ್ಕು ಉಳಿಸಿಕೊಂಡಿದ್ರು, 1999ರಲ್ಲಿ ಸುಪ್ರೀಂ ಕೋರ್ಟೂ ಹೌದು ಅಂದಿದೆ. ಇನ್ನು ಮರಿ ಏನೂ ಕಡಿಮೆ ಇಲ್ವಂತೆ, ಮೊಟ್ಟೆ ಒಡೆದು ರಾಶಿ ರಾಶಿ ಹುಟ್ಟುತ್ತೆ, ಆದ್ರೆ ಒಂದೆರಡು ವರ್ಷ ದಾಟಿ ದೊಡ್ಡದಾಗೋದು ತೀರಾ ಕಮ್ಮಿ. 2005ರಲ್ಲಿ ಜೀಬ್ರಾ ಮಸಲ್ ಅನ್ನೋ ಉಗುರಷ್ಟು ಕಪ್ಪೆಚಿಪ್ಪು ಇಲ್ಲಿ ಕಾಣಿಸಿಕೊಳ್ತು, ಅದು ನೀರನ್ನ ಸೋಸಿ ಸೋಸಿ ಮರಿಗಳ ಊಟದ ಬುಡಕ್ಕೇ ಕೈ ಹಾಕುತ್ತೆ. ನೀರು ತಿಳಿಯಾಗ್ತಾ ಬಂದಿದ್ದು ಅದಕ್ಕೂ ಮುಂಚಿನಿಂದಲೇ. ಕಡಿಮೆ ಬೆಳಕಿನ ಮೀನಿಗೆ ತಿಳಿ ನೀರು ಆಗಿಬರಲ್ಲ. ಅದರ ಮೇಲೆ ತಣ್ಣೀರು ಬೇಕಾದ ಟಲಿಬಿ ಮೀನು ಬೇಸಿಗೆ ಬಿಸಿಗೆ ಕಡಿಮೆ ಆಯ್ತು, ಅದನ್ನ ತಿಂದು ಬದುಕ್ತಿದ್ದ ದೊಡ್ಡ ವಾಲೈ ಬೇರೆ ಏನಾದ್ರೂ ಹುಡುಕಲೇ ಬೇಕಲ್ಲ.

ಈಗ ನನ್ನ ಕ್ರಮ ಬದಲಾಗಿದೆ. ತೀರಾ ಆಳಕ್ಕೆ ಹೋಗಲ್ಲ, ಆಳದಿಂದ ಎಳೆದ್ರೆ ಒತ್ತಡ ತಪ್ಪಿ ಗಾಳಿಚೀಲ ಉಬ್ಬಿಬಿಡುತ್ತೆ. ಕೊಕ್ಕೆ ನುಂಗಿದ್ರೆ ಕೀಳೋಕೆ ಹೋಗದೆ ದಾರ ಕತ್ತರಿಸ್ತೀನಿ. ಅಳತೆ ಟೆಂಟ್ ಒಳಗೇ, ಒದ್ದೆ ಕೈಯಲ್ಲಿ. ಫೋಟೋ ಇಲ್ಲ. ಹೆಂಡತಿಗೆ ನಾನು ಮೀನು ಹಿಡೀತೀನಿ ಅನ್ನೋದೇ ಡೌಟು.

ಮರುವರ್ಷ ಜನವರಿಲಿ ಕೊನೆಗೂ ಒಂದು 22 ಇಂಚಿಂದು ಸಿಕ್ತು. ಮನೆಗೆ ತಂದು ರವೆ ಫ್ರೈಗೆ ಅಂತ ಸಿಂಕಲ್ಲಿ ಕೊಯ್ದೆ, ಹೊಟ್ಟೆ ಗಟ್ಟಿ ಇತ್ತು, ಸೀಳಿದ್ರೆ ಒಳಗೆ ಎರಡು ಪರ್ಚ್ ಮೀನು, ಅರೆ ಕರಗಿದ್ದು, ಜೊತೆಗೆ ಬೆರಳುದ್ದದ ಇನ್ನೊಂದು. ತೊಳೆದು ಬೆಳಕಿಗೆ ಹಿಡಿದೆ. ಬಾಲದ ಕೆಳತುದಿಲಿ ಬಿಳಿ ಗುರುತು, ಅದು ಇರೋದು ವಾಲೈಗೆ. ಹೆಂಡತಿ ಮಸಾಲೆ ಕಲಸ್ತಾ ಇದ್ದವಳು ಬಗ್ಗಿ ನೋಡಿ, "ಇದನ್ನೂ ಅಳೀರಿ ಮತ್ತೆ" ಅಂದ್ಳು. ಅಳೆದೆ. ಐದು ಇಂಚೂ ಇರಲಿಲ್ಲ.