ವಜ್ರವನ್ನು ಪಕ್ಕದಿಂದಲೂ ನೋಡಿ

ವಜ್ರ ಕೊಳ್ಳಲು ಹೊರಟವರು ಅದನ್ನು ಮೇಲಿನಿಂದಷ್ಟೇ ನೋಡಿ ಮರುಳಾಗುತ್ತಾರೆ. ದಯವಿಟ್ಟು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದು ಒಮ್ಮೆ ಪಕ್ಕದಿಂದಲೂ ನೋಡಿ. ಹರಳಿನ ಮೈಕಟ್ಟು ತಿಳಿಯುವುದು ಅಲ್ಲಿಂದಲೇ.

ನೆತ್ತಿಯ ಮೇಲಿರುವ ಅಗಲವಾದ ಚಪ್ಪಟೆ ಮುಖವೇ ಟೇಬಲ್. ಅದರ ಸುತ್ತ ಇಳಿಜಾರಾಗಿರುವ ಭಾಗ ಕ್ರೌನ್. ಬಿಳಿ ಬೆಳಕು ಒಡೆದು ಬಣ್ಣದ ಕಿಡಿಗಳಾಗಿ ಹೊಮ್ಮುವುದರಲ್ಲಿ ಇದರ ಪಾಲು ದೊಡ್ಡದು. ತಳದ ತುದಿ ಕ್ಯೂಲೆಟ್.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಕೆಳಗಿನ ಶಂಕುವಿನಾಕಾರದ ಪೆವಿಲಿಯನ್. ಒಳಹೊಕ್ಕ ಬೆಳಕನ್ನು ಕನ್ನಡಿಯಂತೆ ನಮ್ಮ ಕಣ್ಣಿಗೆ ಮರಳಿಸುವುದು ಅದೇ. ಹೊಳಪಿಗಾಗಿ ಹಲವು ಮುಖಗಳನ್ನು ಕೊರೆದ ದುಂಡನೆಯ ಬ್ರಿಲಿಯಂಟ್ ಕಟ್‌ನಲ್ಲಿ ಅದರ ಇಳಿಜಾರು ಅಡ್ಡಗೆರೆಯಿಂದ ಸುಮಾರು 41 ಡಿಗ್ರಿ ಕೋನದಲ್ಲಿದ್ದರೆ ಚೆನ್ನ. ಆಳ ತೀರಾ ಕಡಿಮೆಯಾದರೆ ಟೇಬಲ್‌ನೊಳಗೆ ಮಂಕು ಬಳೆಯೊಂದು ಮೀನಿನ ಕಣ್ಣಿನಂತೆ ಕಾಣಿಸುತ್ತದೆ. ತೀರಾ ಹೆಚ್ಚಾದರೆ ನಟ್ಟನಡುವೆ ಮೊಳೆಯ ತಲೆಯಷ್ಟು ಕಪ್ಪು ಕವಿಯುತ್ತದೆ. ಈ ಎರಡನ್ನೂ ಒಮ್ಮೆ ಕಂಡವರು ಮತ್ತೆ ಮರೆಯುವುದಿಲ್ಲ.

ಇನ್ನು ಕ್ರೌನ್ ಮತ್ತು ಪೆವಿಲಿಯನ್ ಕೂಡುವಲ್ಲಿ ಸೊಂಟಪಟ್ಟಿಯಂತಿರುವ ಗರ್ಡಲ್. ಅಲಗಿನಷ್ಟು ತೆಳುವಾಗಿದ್ದರೆ ಸಣ್ಣ ಪೆಟ್ಟಿಗೂ ಚಕ್ಕೆ ಏಳಬಹುದು. ತುಂಬ ದಪ್ಪವಾಗಿದ್ದರೆ ತೂಕವೆಲ್ಲ ಅಲ್ಲೇ ಅಡಗಿರುತ್ತದೆ. ನೀವು ಕ್ಯಾರಟ್ ಲೆಕ್ಕದಲ್ಲಿ ಹಣ ಕೊಟ್ಟಿರುತ್ತೀರಿ, ಆದರೆ ಮೇಲಿನಿಂದ ಹರಳು ಚಿಕ್ಕದಾಗಿಯೇ ಕಾಣುತ್ತದೆ. ಪ್ರಮಾಣಪತ್ರವಿದ್ದರೆ ಗರ್ಡಲ್‌ನ ದಪ್ಪವನ್ನು ಅದರಲ್ಲಿ ಬರೆದಿರುತ್ತಾರೆ, ಓದಿಕೊಳ್ಳಿ.

ಇದನ್ನೆಲ್ಲ ಹರಳು ಬಿಡಿಯಾಗಿರುವಾಗಲೇ ನೋಡಿ. ಉಂಗುರಕ್ಕೆ ಕೂರಿಸಿದ ಮೇಲೆ ಕೆಳಭಾಗದ ಬಹುಪಾಲು ಲೋಹದ ಮರೆಗೆ ಸೇರಿಬಿಡುತ್ತದೆ.