ಎಂಜಿನ್ ಬದಲಿಸಿದ ಮೇಲೆ ರೇಸಿಂಗ್ ಇಳಿಯುತ್ತಿಲ್ಲವೇ? ಹೀಗೆ ಪತ್ತೆಹಚ್ಚಿ

ಬೇರೆ ಎಂಜಿನ್ ಕೂರಿಸಿ ಕೀ ತಿರುಗಿಸಿದ ಕೂಡಲೇ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸಂಖ್ಯೆ) ಮುಳ್ಳು 2000 ದಾಟಿ ಅಲ್ಲೇ ನಿಂತರೆ, ಅಂದರೆ ಪೆಡಲ್ ಒತ್ತದೆಯೇ ರೇಸಿಂಗ್ ಹೆಚ್ಚಿದ್ದರೆ, ಹೆಚ್ಚಿನವರ ಕೈ ಮೊದಲು ಹೋಗುವುದು ಥ್ರಾಟಲ್ ಬಾಡಿಯ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಒಂದು ಪ್ಲೇಟಿನಿಂದ ನಿಯಂತ್ರಿಸುವ ಭಾಗ) ಸ್ಟಾಪ್ ಸ್ಕ್ರೂ ಕಡೆಗೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಇಂಜೆಕ್ಷನ್ ಎಂಜಿನ್‌ಗಳಲ್ಲಿ ಆ ಸ್ಕ್ರೂ ಇರುವುದು ಥ್ರಾಟಲ್ ಪ್ಲೇಟ್ ಗೋಡೆಗೆ ಕಚ್ಚಿಕೊಳ್ಳದಿರಲಿ ಎಂದು. ಅದನ್ನು ತಿರುಗಿಸಿದರೆ ಪ್ಲೇಟ್ ಎಷ್ಟು ತೆರೆದಿದೆ ಎಂದು ಅಳೆಯುವ ಥ್ರಾಟಲ್ ಪೊಸಿಷನ್ ಸೆನ್ಸರ್ ಲೆಕ್ಕವೂ ತಪ್ಪಿ, ಒಂದು ದೋಷ ಎರಡಾಗುತ್ತದೆ.

ಪೆಟ್ರೋಲ್ ಎಂಜಿನ್ ಬಿಸಿಯಾದ ಮೇಲೆ ಸಾಮಾನ್ಯವಾಗಿ 700ರಿಂದ 900 ಆರ್‌ಪಿಎಂನಲ್ಲಿ ನಿಲ್ಲಬೇಕು. ತಣ್ಣಗಿದ್ದಾಗ 1200–1500 ಇದ್ದು ಮೆಲ್ಲಗೆ ಇಳಿದರೆ ಚಿಂತೆ ಬೇಡ. ಇಳಿಯಲೇ ಇಲ್ಲವೆಂದರೆ ಬಹುಪಾಲು ಸಂದರ್ಭಗಳಲ್ಲಿ ಎಲ್ಲಿಂದಲೋ ಹೆಚ್ಚುವರಿ ಗಾಳಿ ಒಳಗೆ ಹೋಗುತ್ತಿದೆ. ಹುಡುಕಬೇಕಾದದ್ದು ಆ ದಾರಿಯನ್ನು. ಬಯಲಲ್ಲೇ ಕೆಲಸ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಹೊಗೆ ಪ್ರಾಣಕ್ಕೆ ಎರವಾಗುತ್ತದೆ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿ ಚಕ್ರಕ್ಕೆ ಅಡ್ಡ ಕೊಡಿ. ಒಬ್ಬರು ಕೀ ಬಳಿಯೇ ಇರಲಿ.

ಮೊದಲು ಕೇಬಲ್

ಎಂಜಿನ್ ಆಫ್ ಇರುವಾಗ ಆಕ್ಸಿಲರೇಟರ್ ಕೇಬಲನ್ನು ಬೆರಳಲ್ಲಿ ಒತ್ತಿ ನೋಡಿ. ಕೆಲವು ಮಿಲಿಮೀಟರ್ ಸಡಿಲ ಇರಲೇಬೇಕು. ಬೇರೆ ಗಾಡಿಯ ಬ್ರಾಕೆಟ್ ಬಳಸಿದಾಗ ಕೇಬಲ್ ಬಿಗಿಯಾಗಿ ಪ್ಲೇಟ್ ಕೂದಲೆಳೆಯಷ್ಟು ತೆರೆದೇ ಉಳಿಯುತ್ತದೆ. ರೇಸಿಂಗ್ ಏರಲು ಅಷ್ಟೇ ಸಾಕು. ಲಾಕ್ ನಟ್ ಸಡಿಲಿಸಿ ಹೊಂದಿಸಿ. ಪೆಡಲ್ ಪೂರ್ತಿ ಒತ್ತಿ ಬಿಟ್ಟಾಗ ಪ್ಲೇಟ್ 'ಟಕ್' ಎಂದು ಮುಚ್ಚಿಕೊಳ್ಳಬೇಕು.

ವ್ಯಾಕ್ಯೂಮ್ ಸೋರಿಕೆ

ಥ್ರಾಟಲ್ ತಪ್ಪಿಸಿ ಬೇರೆ ಸಂದಿಯಿಂದ ಗಾಳಿ ಒಳಗೆ ಹೋಗುವ ಈ ದೋಷವೇ ಎಂಜಿನ್ ಬದಲಾವಣೆಯ ನಂತರ ಅತಿ ಹೆಚ್ಚು ಸಿಗುವುದು, ಹೆಚ್ಚು ಸಮಯವನ್ನೂ ಇಲ್ಲಿಗೇ ಮೀಸಲಿಡಿ. ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಮೇಲಿರುವ ಪ್ರತಿಯೊಂದು ಮೂತಿಯನ್ನೂ ಎಣಿಸಿ: ಬ್ರೇಕ್ ಬೂಸ್ಟರ್‌ನ ದಪ್ಪ ಪೈಪ್, ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಹೊಗೆಯನ್ನು ಮತ್ತೆ ಉರಿಸಲು ಎಳೆಯುವುದು), ಕ್ಯಾನಿಸ್ಟರ್ ಪರ್ಜ್ ಪೈಪ್ (ಪೆಟ್ರೋಲ್ ಟ್ಯಾಂಕಿನ ಆವಿ ತರುವುದು), ಫ್ಯುಯೆಲ್ ಪ್ರೆಶರ್ ರೆಗ್ಯುಲೇಟರ್‌ನ ಸಣ್ಣ ಪೈಪ್. ಹೊಸ ಎಂಜಿನ್ನಿನಲ್ಲಿ ಹಳೆಯದಕ್ಕಿಂತ ಒಂದೆರಡು ಮೂತಿ ಹೆಚ್ಚಿರಬಹುದು. ಬಳಸದವಕ್ಕೆ ರಬ್ಬರ್ ಕ್ಯಾಪ್ ಹಾಕಿ ಕ್ಲಾಂಪ್ ಬಿಗಿಯಿರಿ.

ಎಂಜಿನ್ ಓಡುತ್ತಿರುವಾಗ, ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ ಪೈಪ್‌ಗಳನ್ನು ಒಂದೊಂದಾಗಿ ಅದುಮಿ. ಯಾವುದನ್ನು ಅದುಮಿದಾಗ ಆರ್‌ಪಿಎಂ ಗಣನೀಯವಾಗಿ ಇಳಿಯುತ್ತದೋ, ದೋಷ ಆ ಪೈಪಿನಲ್ಲಿ ಅಥವಾ ಅದರ ಇನ್ನೊಂದು ತುದಿಯಲ್ಲಿದೆ. ಬೂಸ್ಟರ್ ಪೈಪ್ ಅದುಮಿದಾಗ ಇಳಿದರೆ, ಅದನ್ನು ಸರಿಪಡಿಸುವ ತನಕ ಗಾಡಿ ರಸ್ತೆಗಿಳಿಸಬೇಡಿ. ಬ್ರೇಕ್ ನೆರವೂ ಕುಗ್ಗಿರುತ್ತದೆ.

ಪೈಪ್‌ಗಳೆಲ್ಲ ಸರಿಯಿದ್ದರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಕಡೆಗೆ ಬನ್ನಿ. ಸೋಪಿನ ನೀರನ್ನು ಜೋಡಣೆಯ ಅಂಚಿಗೆ ತುಂತುರಾಗಿ ಸಿಂಪಡಿಸಿ: ಸೋರಿಕೆಯಿದ್ದರೆ ನೀರು ಒಳಗೆ ಎಳೆದುಕೊಂಡು, ಆರ್‌ಪಿಎಂ ಕ್ಷಣಕಾಲ ಬದಲಾಗುತ್ತದೆ. ಕಾರ್ಬ್ ಕ್ಲೀನರ್ ಸಿಂಪಡಿಸುವ ರೂಢಿಯಿದೆ, ಆದರೆ ಕಾದ ಎಕ್ಸಾಸ್ಟ್ ಪಕ್ಕದಲ್ಲಿ ಅದು ಹೊತ್ತಿಕೊಳ್ಳಬಹುದು. ಇಂಜೆಕ್ಟರ್‌ಗಳ ಓ-ರಿಂಗ್ ಕೂಡ ಮರೆಯಬೇಡಿ. ಒಣಗಿದ ರಿಂಗನ್ನೇ ಒತ್ತಿ ಕೂರಿಸಿದರೆ ಹರಿದುಹೋಗುತ್ತದೆ. ಹೊಸ ರಿಂಗಿಗೆ ಎಂಜಿನ್ ಆಯಿಲ್ ಸವರಿ ಕೂರಿಸಿ. ವ್ಯಾಕ್ಯೂಮ್ ಗೇಜ್ ಇದ್ದರೆ, ಆರೋಗ್ಯವಂತ ಎಂಜಿನ್ ಐಡ್ಲಿಂಗ್‌ನಲ್ಲಿ (ಪೆಡಲ್ ಒತ್ತದೆ ಓಡುವಾಗ) ಸುಮಾರು 17–21 ಇಂಚು ಪಾದರಸ ತೋರಿಸುತ್ತದೆ.

ಆರ್‌ಪಿಎಂ 1000 ಮತ್ತು 2000ರ ನಡುವೆ ಏರಿಳಿಯುತ್ತಿದ್ದರೂ ಕಾರಣ ಬಹುತೇಕ ಇದೇ. ಥ್ರಾಟಲ್ ಮುಚ್ಚಿದ್ದರೂ ವೇಗ ಹೆಚ್ಚಿರುವುದನ್ನು ಕಂಡ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲ್ ನಿಲ್ಲಿಸುತ್ತದೆ, ವೇಗ ಇಳಿದೊಡನೆ ಮತ್ತೆ ಬಿಡುತ್ತದೆ.

ಐಡಲ್ ವಾಲ್ವ್

ಪೆಡಲ್ ಒತ್ತದಿದ್ದಾಗ ಎಂಜಿನ್ನಿಗೆ ಬೇಕಾದಷ್ಟು ಗಾಳಿ ಬಿಡುವ ಈ ವಾಲ್ವ್ ಬಿಚ್ಚಿ ಕಾರ್ಬನ್ ತೊಳೆಯಿರಿ, ಗ್ಯಾಸ್ಕೆಟ್ ಹೊಸದು ಹಾಕಿ. ಹಳೆ ಇಸಿಯು ಉಳಿಸಿಕೊಂಡಿದ್ದರೆ ವಾಲ್ವ್‌ನ ಬಗೆಯೂ ಹೊಂದಬೇಕು: ಎರಡು ತಂತಿಯ ವಾಲ್ವಿಗೆ ಬರೆದ ಇಸಿಯು ನಾಲ್ಕು ತಂತಿಯ ಸ್ಟೆಪರ್ ವಾಲ್ವನ್ನು ನಡೆಸಲಾರದು. ಆಗ ಇಸಿಯುಗೆ ಪರಿಚಿತವಾದ ಥ್ರಾಟಲ್ ಬಾಡಿಯನ್ನೇ ಕೂರಿಸುವುದು ಲೇಸು. ಒಂದೇ ಆಕಾರದ ಕನೆಕ್ಟರ್‌ಗಳು ಪಕ್ಕಪಕ್ಕದಲ್ಲಿದ್ದರೆ ಅದಲು ಬದಲಾಗಿಲ್ಲವೇ ನೋಡಿ.

ಕೂಲಂಟ್ ಸೆನ್ಸರ್

ಮೀಟರಿನ ಮುಳ್ಳು ಬಿಸಿ ತೋರಿಸುತ್ತಿದೆ ಎಂದು ಇದನ್ನು ಬಿಟ್ಟುಬಿಡಬೇಡಿ. ಅನೇಕ ಎಂಜಿನ್‌ಗಳಲ್ಲಿ ಮೀಟರಿಗೆ ಒಂದು ಸೆನ್ಸರ್, ಇಸಿಯುಗೆ ಇನ್ನೊಂದು. ಇಸಿಯುಗೆ ಎಂಜಿನ್ ತಣ್ಣಗಿದೆ ಎಂದೇ ಸುದ್ದಿ ಹೋದರೆ ಅದು ರೇಸಿಂಗ್ ಇಳಿಸುವುದಿಲ್ಲ. ಕನೆಕ್ಟರ್ ತೆಗೆದು ಮಲ್ಟಿಮೀಟರ್‌ನಲ್ಲಿ ಅಳೆಯಿರಿ: ಸಾಮಾನ್ಯ ಸೆನ್ಸರ್ 20 ಡಿಗ್ರಿಯಲ್ಲಿ 2000–3000 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ತೋರಿಸುತ್ತದೆ. ಕೂಲಂಟ್‌ನಲ್ಲಿ ಗಾಳಿ ಸಿಕ್ಕಿಕೊಂಡರೂ ಸೆನ್ಸರ್ ತಪ್ಪು ಹೇಳುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕ್ಯಾಪ್ ತೆಗೆದು ಕೂಲಂಟ್ ತುಂಬಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಗುಳ್ಳೆ ನಿಲ್ಲುವ ತನಕ ಎಂಜಿನ್ ಓಡಿಸಿ.

ಇದಿಷ್ಟೂ ಸರಿಯಿದ್ದ ಮೇಲೆ ಥ್ರಾಟಲ್ ಸೆನ್ಸರ್ ನೋಡಿ. ಪ್ಲೇಟ್ ಮುಚ್ಚಿದಾಗ ಹೆಚ್ಚಿನವು 0.5 ವೋಲ್ಟ್ ಆಸುಪಾಸಿನಲ್ಲಿರುತ್ತವೆ. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಇರುವ ಎಂಜಿನ್ನಾದರೆ ಟೈಮಿಂಗ್ ಲೈಟ್ ಹಿಡಿಯಿರಿ, ಅಡ್ವಾನ್ಸ್ (ಕಿಡಿ ಮುಂಚೆಯೇ ಹಾರುವುದು) ಹೆಚ್ಚಾದರೂ ಆರ್‌ಪಿಎಂ ಏರುತ್ತದೆ. ಕೊನೆಗೆ ಆ ಮಾದರಿಯ ಸರ್ವಿಸ್ ಮ್ಯಾನುಯಲ್ ಹೇಳಿದ ಕ್ರಮದಲ್ಲಿ ಇಸಿಯುಗೆ ಐಡಲ್ ರೀಲರ್ನ್ (ಐಡಲ್ ವೇಗದ ಲೆಕ್ಕವನ್ನು ಹೊಸದಾಗಿ ಕಲಿಸುವುದು) ಮಾಡಿಸಿ. ಸೋರಿಕೆ ಮುಚ್ಚದೆ ರೀಲರ್ನ್ ಮಾಡಿಸಿದರೆ ಇಸಿಯು ತಪ್ಪು ಲೆಕ್ಕವನ್ನೇ ಕಲಿಯುತ್ತದೆ, ಹಾಗಾಗಿ ಈ ಹಂತ ಕೊನೆಯಲ್ಲೇ ಇರಲಿ.