ಡಿಸ್ಚಾರ್ಜ್ ಸಮರಿ: ಕೊನೆಯ ಪುಟದಿಂದ ಓದಿ

ಮಂಗಳೂರಿನ ವೆನ್‌ಲಾಕ್ ಇರಲಿ, ಉಡುಪಿಯ ಜಿಲ್ಲಾಸ್ಪತ್ರೆ ಇರಲಿ, ಮಣಿಪಾಲವಿರಲಿ, ಮನೆಗೆ ಹೊರಡುವ ಹೊತ್ತಿಗೆ ರೋಗಿಯ ಕೈಗೆ ರೋಗ, ಚಿಕಿತ್ಸೆ, ಔಷಧಿಗಳ ವಿವರವಿರುವ ಡಿಸ್ಚಾರ್ಜ್ ಸಮರಿ ಬರುತ್ತದೆ. ಬಿಲ್ಲು ಕಟ್ಟಿ ರಿಕ್ಷಾ ಕರೆಯುವ ಗಡಿಬಿಡಿಯಲ್ಲಿ ಅದು ಓದದೆಯೇ ಫೈಲು ಸೇರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ವಾರ್ಡಿನಲ್ಲಿರುವಾಗಲೇ ಓದಿ, ಸಂಶಯ ಬಂದರೆ ಕೇಳಲು ವೈದ್ಯರು, ದಾದಿಯರು ಎದುರಿಗೇ ಇರುತ್ತಾರೆ.

ಮೊದಲು ನೋಡಬೇಕಾದದ್ದು ಕೊನೆಯಲ್ಲಿರುವ ಔಷಧಿ ಪಟ್ಟಿ. 1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು. ‘ಓಡಿ’ (OD) ಎಂದರೆ ದಿನಕ್ಕೊಮ್ಮೆ, ‘ಬಿಡಿ’ (BD) ಎರಡು ಸಲ, ‘ಟಿಡಿಎಸ್’ (TDS) ಮೂರು ಸಲ, ‘ಎಚ್‌ಎಸ್’ (HS) ಮಲಗುವಾಗ. ಎಸ್‌ಒಎಸ್ ಕಂಡು ಗಾಬರಿಯಾಗಬೇಡಿ, ಅಗತ್ಯ ಬಿದ್ದರೆ ಮಾತ್ರ ಎಂದರ್ಥ. ಕಣ್ಣಿನ ವೈದ್ಯರ ಚೀಟಿಯಲ್ಲಿ ಇದೇ ‘ಓಡಿ’ ಬಲಗಣ್ಣನ್ನೂ ಸೂಚಿಸುವುದುಂಟು. ಹನಿಮದ್ದನ್ನು ಯಾವ ಕಣ್ಣಿಗೆ, ಎಷ್ಟು ಸಲ ಎಂದು ಕೇಳಿಯೇ ಬಳಸಿ. ವಾರಕ್ಕೊಮ್ಮೆ ಎಂದಿರುವ ಮಾತ್ರೆಯ ಪಕ್ಕದಲ್ಲಿ ಸೋಮವಾರವೋ ಗುರುವಾರವೋ ದೊಡ್ಡದಾಗಿ ಬರೆದಿಡಿ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಅಂಥದ್ದು. ಅದನ್ನು ದಿನವೂ ನುಂಗಿದರೆ ಪ್ರಾಣಕ್ಕೇ ಸಂಚಕಾರ.

ಆಮೇಲೆ ಡಯಾಗ್ನೋಸಿಸ್, ಅಂದರೆ ರೋಗದ ಹೆಸರು. ಉದ್ದವಿದ್ದರೆ ಕೊನೆಯಿಂದ ಬಿಡಿಸಿ. ‘ಐಟಿಸ್’ ಉರಿಯೂತ, ‘ಎಕ್ಟಮಿ’ ಕೊಯ್ದು ತೆಗೆದದ್ದು, ‘ಸ್ಕೋಪಿ’ ಒಳಗೆ ಇಣುಕಿ ನೋಡಿದ್ದು. ಮುಂದಿನ ಭಾಗ ಅಂಗದ್ದು: ಹೆಪಾಟೊ ಯಕೃತ್ತು, ನೆಫ್ರೊ ಮೂತ್ರಪಿಂಡ, ಗ್ಯಾಸ್ಟ್ರೊ ಜಠರ. ಹೆಪಟೈಟಿಸ್ ಎಂದರೆ ಯಕೃತ್ತಿನ ಉರಿಯೂತ ಎಂದಷ್ಟೇ ತಿಳಿಯಿತು. ಕಾರಣ ವೈರಸ್ಸೋ ಮದ್ಯವೋ ಔಷಧಿಯೋ ಎಂಬುದನ್ನು ಕೇಳಿಯೇ ತಿಳಿಯಬೇಕು. ಅಕ್ಯೂಟ್ ಎಂದಾಕ್ಷಣ ಕೈ ಮೀರಿದೆ ಎಂದಲ್ಲ, ಹಠಾತ್ತನೆ ಶುರುವಾದದ್ದು. ಕ್ರಾನಿಕ್ ಬಹುಕಾಲದ್ದು.

ನಮ್ಮ ಕರಾವಳಿಯವರು ‘ಪಿವಿ’ (Pv) ಎಂಬ ಎರಡಕ್ಷರವನ್ನು ಮರೆಯಲೇಬಾರದು. ಮಲೇರಿಯಾ ರಕ್ತಪರೀಕ್ಷೆಯಲ್ಲಿ ಅದು ವೈವಾಕ್ಸ್ ಪರೋಪಜೀವಿ. ಮಂಗಳೂರಿನ ಮಲೇರಿಯಾದಲ್ಲಿ ಹೆಚ್ಚಿನದು ಇದೇ. ಜ್ವರ ಕೆಲವೇ ದಿನಗಳಲ್ಲಿ ಇಳಿಯುತ್ತದೆ, ಆದರೆ ಪರೋಪಜೀವಿ ಯಕೃತ್ತಿನಲ್ಲಿ ಅಡಗಿ ಕುಳಿತು ತಿಂಗಳುಗಳ ಬಳಿಕ ಮತ್ತೆ ಎದ್ದು ಬರಬಹುದು. ಅದನ್ನು ಕೊಲ್ಲುವುದಕ್ಕೇ 14 ದಿನಗಳ ಪ್ರೈಮಾಕ್ವಿನ್. ಗರ್ಭಿಣಿಯರಿಗೆ ಅದನ್ನು ಕೊಡುವುದಿಲ್ಲ. ಉಳಿದವರು ಮೈ ಹಗುರಾಯಿತೆಂದು ನಡುವೆ ಬಿಡಬಾರದು. ಮೂತ್ರ ಕಪ್ಪಾದರೆ ಮಾತ್ರ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರ ಬಳಿಗೆ ಹೋಗಬೇಕು.

ಲ್ಯಾಬ್ ವರದಿಯಲ್ಲಿ ಸಂಖ್ಯೆಯ ಪಕ್ಕದ ಅಳತೆಯನ್ನೂ ನೋಡಿ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ) 1.5 ಲಕ್ಷ, 1,50,000, ಸಾವಿರದ ಲೆಕ್ಕದಲ್ಲಿ 150, ಮೂರೂ ಒಂದೇ. ಮಳೆಗಾಲದ ಡೆಂಗಿ ದಿನಗಳಲ್ಲಿ ಎರಡು ಲ್ಯಾಬುಗಳ ವರದಿ ಹೋಲಿಸುವವರು ಇಲ್ಲೇ ದಾರಿ ತಪ್ಪುತ್ತಾರೆ.

ಕೊನೆಯದಾಗಿ, ಯಾವ ಲಕ್ಷಣ ಕಂಡರೆ ತಕ್ಷಣ ಮರಳಿ ಬರಬೇಕೆಂದು ಕೇಳಿ ಬರೆಸಿಕೊಳ್ಳಿ. ಡೆಂಗಿಯಲ್ಲಿ ಜ್ವರ ಇಳಿದ ಮೇಲೂ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಕಾಯದೆ ಹೊರಡಬೇಕು, ರಾತ್ರಿಯಾದರೂ ಸರಿ. ಹೋಗುವಾಗ ಸಮರಿಯ ಮೂಲಪ್ರತಿ ಕೈಯಲ್ಲಿರಲಿ.